ನನಗೆ ಆಗದ ಆರತಿ

ನನ್ನ ಹದಿನಾರರ ಆ ಬೇಸಿಗೆಯನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ನೆಲದ ತಂಪು. ಸರಸ್ವತಿಪುರಂನ ನಮ್ಮ ಮನೆಯ ನಡುಮನೆಗೆ ಕೆಂಪು ಗಾರೆ ಹಾಕಿಸಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿಯೂ ನಾನೂ ಚಾಪೆಯನ್ನೂ ಹಾಸದೆ ಅಲ್ಲೇ ಉರುಳಿಕೊಳ್ಳುತ್ತಿದ್ದೆವು. ಅಜ್ಜಿ ಅಂದರೆ ಅಮ್ಮನ ಅಮ್ಮ. ತಾತ ಹೋದ ಮೇಲೆ ನಮ್ಮ ಜೊತೆಗೇ ಇದ್ದಳು. ಟ್ಯುಟೋರಿಯಲ್ ಬಿಟ್ಟು ಬರುವ ಹುಡುಗರ ಮಾತು, ತಿರುವಿನಲ್ಲಿ ಬಸ್ಸು ಗೇರು ಬದಲಿಸುವ ಸದ್ದು, ತಲೆಯ ಮೇಲೆ ಫ್ಯಾನಿನ ಗುಂಯ್‌ಗುಡುವಿಕೆ, ಎಲ್ಲ ನೀರಿನೊಳಗೆ ಕೂತು ಕೇಳಿದ ಹಾಗೆ ಕೇಳುತ್ತಿತ್ತು. ಅರೆನಿದ್ದೆಯಲ್ಲಿ ಅಜ್ಜಿಯ ಕೈ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಸವರಿಕೊಂಡು ಹೋಗುತ್ತಿತ್ತು.

"ಬೆಣ್ಣೆ ಇದ್ದ ಹಾಗಿದೆ ಕಣೆ ಕೈ. ಒಂದೇ ಒಂದು ಕೂದಲಿಲ್ಲ," ಅನ್ನುತ್ತಿದ್ದಳು. ಹೊಗಳಿಕೆ ಅಂದುಕೊಂಡು ನಾನು ನಿದ್ದೆಹೋಗುತ್ತಿದ್ದೆ.

ಆ ವರ್ಷ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನನ್ನ ಗೆಳತಿಯರು ಒಬ್ಬೊಬ್ಬರಾಗಿ ದೊಡ್ಡವರಾಗಿ ಎಷ್ಟೋ ಕಾಲವಾಗಿತ್ತು. ಅವರ ಮನೆಗಳಿಗೆ ಆರತಿಗೆ ಹೋಗಿದ್ದೆ. ಹೊಸ ಲಂಗ ಉಟ್ಟು, ಮುಖ ತಗ್ಗಿಸಿ, ನಗು ತಡೆದುಕೊಂಡು ಹಸೆಯ ಮೇಲೆ ಕೂತವಳ ಪಕ್ಕದಲ್ಲಿ ಕೂತು, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆ ತಿಂದು ಬಂದಿದ್ದೆ. ಮೊದಲ ಸಲ ಮುಟ್ಟಾದ ಹುಡುಗಿಗೆ ನಮ್ಮ ಕಡೆ ಆರತಿ ಮಾಡುತ್ತಾರೆ. ನನ್ನದು ಯಾವಾಗ ಎಂದು ಯಾರಾದರೂ ಕೇಳಿದರೆ ಅಮ್ಮ ಮೊದಮೊದಲು "ನಮ್ಮ ಮನೇಲಿ ಸ್ವಲ್ಪ ತಡ" ಅನ್ನುತ್ತಿದ್ದಳು. ಆಮೇಲೆ "ಓದಿನ ಟೆನ್ಷನ್ನು" ಅಂದಳು. ಕೊನೆಗೆ ಮಾತು ಬದಲಿಸತೊಡಗಿದಳು. ನಾನು ಅಮ್ಮನಿಗಿಂತ ಉದ್ದವಾಗಿದ್ದೆ. ಜಡೆ ಸೊಂಟ ದಾಟಿತ್ತು. ಎಲ್ಲರ ಹಾಗೆ ಎದೆಯೂ ಮೂಡಿತ್ತು. ಅದೊಂದು ಮಾತ್ರ ಬರಲಿಲ್ಲ.

ಮೊದಲ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಅಮ್ಮ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುವೆಂಪುನಗರದ ಒಂದು ಕ್ಲಿನಿಕ್ಕಿಗೆ ಹೋದಳು. ಹೊರಗೆ ಕಾಯುವ ಜಾಗದಲ್ಲಿ ಮೀನಿನ ತೊಟ್ಟಿಯಿತ್ತು. ಬಸುರಿಯರು ಸಾಲಾಗಿ ಕೂತು ಕಿತ್ತಳೆ ಬಣ್ಣದ ಮೀನುಗಳನ್ನು ನೋಡುತ್ತಿದ್ದರು. ನಾನೂ ನೋಡಿದೆ. ಸ್ಕ್ಯಾನಿಂಗ್ ಮಾಡುವವರು ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ಹುಡುಕಿದರು. ಪರದೆಯ ಮೇಲೆ ಬೂದು ಮೋಡಗಳು ಸರಿದಾಡುತ್ತಿದ್ದವು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಯಾಕೋ ನಿದ್ದೆ ಎಳೆಯಿತು.

ಗರ್ಭಕೋಶ ಕಾಣುತ್ತಿಲ್ಲ ಎಂದರು. ರಕ್ತ ತೆಗೆದು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬಂದಾಗ ನಮ್ಮನ್ನು ಮತ್ತೆ ಕರೆದರು.

ಡಾಕ್ಟರು ನಡುವಯಸ್ಸು ದಾಟಿದ ಹೆಂಗಸು, ಮೆಲುದನಿ. ಅಮ್ಮ ಒಳಗೆ ಕಾಲಿಟ್ಟವಳೇ, "ನೀನು ಹೊರಗಿರು ಮಗಳೇ," ಅಂದಳು. ಡಾಕ್ಟರ ಕಡೆ ತಿರುಗಿ, "ಅವಳಿಗೇನೂ ಹೇಳೋದು ಬೇಡ ಮೇಡಂ. ನಂಗೆ ಹೇಳಿ ಸಾಕು," ಅಂದಳು.

"ದೇಹ ಅವಳದ್ದಮ್ಮ," ಅಂದರು ಡಾಕ್ಟರು. "ಇವತ್ತು ನಾನು ಹೇಳ್ದೇ ಇದ್ರೆ ನಾಳೆ ಫೋನಲ್ಲಿ ಅರ್ಧಂಬರ್ಧ ಓದ್ಕೊಂಡು ಒಬ್ಬಳೇ ಅಳ್ತಾಳೆ. ಕೂತ್ಕೋ ಪುಟ್ಟಿ. ಎಷ್ಟು ಬೇಕೋ ಅಷ್ಟು ಕೇಳು. ಸಾಕು ಅಂದ ಕಡೆ ನಿಲ್ಲಿಸ್ತೀನಿ."

ನಾನು ಸಾಕು ಅನ್ನಲಿಲ್ಲ. ಅವರು ಹೇಳಿದ್ದು ನನಗೆ ಇವತ್ತಿಗೂ ಅವರ ದನಿಯಲ್ಲೇ ಕೇಳುತ್ತದೆ.

"ಹೊಟ್ಟೇಲಿ ಮಗು ಶುರುವಾದಾಗ ಗಂಡು ಹೆಣ್ಣು ಅಂತ ಬೇರೆಬೇರೆ ಕಾಣಲ್ಲ. ಮೊದಲ ಕೆಲವು ವಾರ ಎಲ್ಲರೂ ಒಂದೇ ಥರ. ಆಮೇಲೆ ದಾರಿ ಕವಲೊಡೆಯುತ್ತೆ. ಸಾಮಾನ್ಯವಾಗಿ ಎರಡು ಎಕ್ಸ್ ಇದ್ರೆ ಅಂಡಾಶಯ ಆಗುತ್ತೆ, ಒಂದು ಎಕ್ಸ್ ಒಂದು ವೈ ಇದ್ರೆ ವೃಷಣ ಆಗುತ್ತೆ. ನಿನ್ನ ಕಣಗಳಲ್ಲಿ ಎಕ್ಸ್ ವೈ ಇದೆ. ವೃಷಣಾನೇ ಆಯ್ತು, ಹೊಟ್ಟೆಯೊಳಗೇ ಉಳೀತು. ಅದು ಗಂಡು ಹಾರ್ಮೋನನ್ನೂ ಮಾಡ್ತಿದೆ. ಆದ್ರೆ ಆ ಹಾರ್ಮೋನು ಹೇಳೋದು ನಿನ್ನ ದೇಹಕ್ಕೆ ಕೇಳಿಸೋದೇ ಇಲ್ಲ. ಹುಟ್ಟಿನಿಂದ್ಲೇ ಕೇಳಿಸಲ್ಲ. ಅದಕ್ಕೇ ದೇಹ ಹೆಣ್ಣಿನ ದಾರೀಲೇ ನಡೀತು, ಮೈಮೇಲೆ ಕೂದಲೂ ಬರ್ಲಿಲ್ಲ. ಗರ್ಭಕೋಶ ಬೇಡ ಅಂತ ಹೇಳೋ ಇನ್ನೊಂದು ಹಾರ್ಮೋನಿದೆ. ಅದೊಂದು ಮಾತ್ರ ಕೇಳಿಸ್ತು. ಅದಕ್ಕೇ ಗರ್ಭಕೋಶ ಇಲ್ಲ, ಮುಟ್ಟೂ ಇಲ್ಲ."

ಗೋಡೆಯ ಆಚೆ ಯಾರದೋ ಮಗು ಅಳುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಹಾಗಾದ್ರೆ ನಾನು ಹುಡುಗಾನಾ?" ಎಂದು ಕೇಳಿದೆ.

"ನಿಂಗೆ ಏನನ್ಸುತ್ತೆ?"

"ಹುಡುಗಿ ಅಂತ."

"ಹಾಗಾದ್ರೆ ಹುಡುಗಿ. ರಕ್ತ ನೋಡಿ ಕಣದೊಳಗೇನಿದೆ ಅಂತ ಹೇಳೋದು ನಂಗೆ ಗೊತ್ತು. ನೀನು ಯಾರು ಅನ್ನೋದನ್ನ ಹೇಳೋಕೆ ಅಷ್ಟು ಸಾಲ್ದು."

ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವವರು ನೆನಪಾದರು. ನಾನೂ ಅವರ ಥರವಾ ಎಂದು ಕೇಳಿದೆ. ಡಾಕ್ಟರು ಗದರಲಿಲ್ಲ. "ಅವರದ್ದು ಬಹಳಮಟ್ಟಿಗೆ ಬೇರೆ ವಿಷಯ. ಹುಟ್ಟಿದಾಗ ಜನ ಗಂಡು ಅಂದ್ರು, ಅವರ ಮನಸ್ಸು ಹೆಣ್ಣು ಅಂತು. ಅವರೂ ಸುಳ್ಳಲ್ಲ. ನಿಂದು ದೇಹ ಬೆಳೆದ ದಾರಿಯ ವಿಷಯ. ಇಂಥದ್ದಕ್ಕೆಲ್ಲ ಸೇರಿಸಿ ಇಂಟರ್‌ಸೆಕ್ಸ್ ಅಂತಾರೆ, ಕನ್ನಡದಲ್ಲಿ ಅಂತರಲಿಂಗ ಅಂತ ಬರೀತಾರೆ. ಅದರಲ್ಲೂ ಬೇಕಾದಷ್ಟು ಬಗೆ. ಕೆಲವರದ್ದು ಹುಟ್ಟಿದಾಗ್ಲೇ ಗೊತ್ತಾಗುತ್ತೆ, ಕೆಲವರದ್ದು ನಿನ್ನ ವಯಸ್ಸಲ್ಲಿ. ಕೆಲವರು ತಮಗಿದೆ ಅಂತ ಗೊತ್ತೇ ಆಗದೆ ಮುದುಕರಾಗ್ತಾರೆ," ಎಂದರು.

ಮನೆಗೆ ಹೋಗುವ ತಿರುವು ಬಂದರೂ ಅಮ್ಮ ಸ್ಕೂಟರು ತಿರುಗಿಸಲಿಲ್ಲ. ನೇರ ಕುಕ್ಕರಹಳ್ಳಿ ಕೆರೆಗೆ ಹೋಗಿ ನಿಲ್ಲಿಸಿದಳು. ಏರಿಯ ಮೇಲೆ ಒಂದು ಬೆಂಚಿನಲ್ಲಿ ಕೂತೆವು. ಸಂಜೆಯ ಬಿಸಿಲು ನೀರಿನ ಮೇಲೆ ಮಲಗಿತ್ತು. ನಡುಗಡ್ಡೆಯ ಮರಗಳ ತುಂಬ ಬಿಳಿ ಹಕ್ಕಿಗಳು ಕೂತು, ಮರಗಳೇ ಬೆಳ್ಳಗೆ ಹೂ ಬಿಟ್ಟ ಹಾಗಿದ್ದವು. ವಾಕಿಂಗಿಗೆ ಬಂದವರ ಕಾಲುಗಳು ನಮ್ಮ ಮುಂದೆ ಹಾದುಹೋಗುತ್ತಲೇ ಇದ್ದವು.

"ನೀನು ಹೊಟ್ಟೇಲಿದ್ದಾಗ ನಾನೇನು ತಿಂದೆ?" ಅಂದಳು ಅಮ್ಮ. ನನ್ನನ್ನು ಕೇಳಿದ್ದಲ್ಲ. "ಜ್ವರ ಬಂದಾಗ ಒಂದು ಮಾತ್ರೆ ತಗೊಂಡಿದ್ದೆ. ಅದೇನಾ..."

"ಡಾಕ್ಟ್ರು ಹೇಳಿದ್ರಲ್ಲಮ್ಮ, ಅದಲ್ಲ ಅಂತ."

"ಹೇಳಿದ್ರು," ಅಂದಳು. ನನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಬಿಚ್ಚಿ, ಮತ್ತೆ ಹೆಣೆದಳು. ಕತ್ತಲಾಗುವ ಮುಂಚೆ ಮನೆಗೆ ಬಂದೆವು.

ಆಮೇಲಿನ ದಿನಗಳು ನನ್ನ ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ. ನಡುಮನೆಯಲ್ಲಿ ಮಲಗಿ ಕಣ್ಣು ಮುಚ್ಚಿದರೆ ಡಾಕ್ಟರು ಹೇಳಿದ ಆ ಮೊದಲ ವಾರಗಳಿಗೆ ಹೋಗಿಬಿಡುತ್ತಿದ್ದೆ. ಬೆಚ್ಚಗಿನ ಕತ್ತಲು, ನೀರು. ಅಲ್ಲಿ ಎಲ್ಲರೂ ಇದ್ದರು: ಅಮ್ಮ, ಅಪ್ಪ, ನನ್ನ ಗೆಳತಿಯರು, ಬಸ್ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು. ಬೆರಳುಗುರಿನಷ್ಟು ಚಿಕ್ಕವರಾಗಿ, ಒಬ್ಬರಿಗೊಬ್ಬರು ವ್ಯತ್ಯಾಸವಿಲ್ಲದೆ ತೇಲುತ್ತಿದ್ದರು. ಆಮೇಲೆ ಯಾರೋ ಕರೆದ ಹಾಗಾಗಿ ಕೆಲವರು ಆ ಕಡೆಗೆ, ಕೆಲವರು ಈ ಕಡೆಗೆ ಹೊರಡುತ್ತಿದ್ದರು. ನನಗೆ ಕೇಳಿಸದ ಆ ದನಿ ಹೇಗಿದ್ದಿರಬಹುದು ಎಂದು ಯೋಚಿಸುತ್ತಾ ಯೋಚಿಸುತ್ತಾ ನಿದ್ದೆ ಬರುತ್ತಿತ್ತು. ಅಲ್ಲಿದ್ದಷ್ಟು ಹೊತ್ತು ನನಗೆ ದುಃಖವಾಗುತ್ತಿರಲಿಲ್ಲ. ಎದ್ದ ಮೇಲೆ, ಬಚ್ಚಲ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಅಳು ಬರುತ್ತಿತ್ತು.

ಅಪ್ಪನಿಗೆ ಅಮ್ಮ ಹೇಗೆ ಹೇಳಿದಳೋ ಗೊತ್ತಿಲ್ಲ. ಅಪ್ಪ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಶಿಫ್ಟು ಮುಗಿಸಿ ಬಂದು, ಎಂದಿನ ಹಾಗೆ ಶೂ ಬಿಚ್ಚಿ, ನನ್ನ ಪಕ್ಕ ಬಂದು ಕೂತರು. "ನೋವು ಗೀವು ಏನಾದ್ರೂ ಇದೆಯಾ?" ಎಂದು ಕೇಳಿದರು. ಇಲ್ಲ ಅಂದೆ. "ಸರಿ ಹಾಗಾದ್ರೆ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು.

ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ. ಅದರ ಬದಲಿಗೆ ಅಮ್ಮ ಒಂದು ಉಪಾಯ ಹೂಡಿದಳು. ನಾನು ದೊಡ್ಡವಳಾದೆ ಎಂದು ಹೇಳಿಬಿಡುವುದು, ಹತ್ತಿರದವರನ್ನು ಕರೆದು ಆರತಿ ಮಾಡಿ ಮುಗಿಸುವುದು.

"ಒಂದ್ಸಲ ಮಾಡ್ಬುಟ್ರೆ ಜನದ ಬಾಯಿ ಮುಚ್ಚುತ್ತೆ ಕಣೆ," ಅಂದಳು ನನಗೆ. "ಆಮೇಲೆ ತಿಂಗಳು ತಿಂಗಳು ಯಾರೂ ಬಂದು ಕೇಳಲ್ಲ."

ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಆಸೆಯೂ ಇತ್ತು. ದೇವರಾಜ ಮಾರುಕಟ್ಟೆಯ ಹತ್ತಿರದ ಅಂಗಡಿಯಿಂದ ನನಗೆ ನವಿಲು ಬಣ್ಣದ ಲಂಗ ದಾವಣಿ ಬಂತು. ಅಮ್ಮ ಅಜ್ಜಿಗೆ, ನನ್ನ ಅತ್ತೆಯರಿಗೆ, ಪಕ್ಕದ ಮನೆಯವರಿಗೆ ಎಲ್ಲ ಹೇಳಿಬಿಟ್ಟಳು. ಅಜ್ಜಿ ಸುದ್ದಿ ಕೇಳಿ "ಹೌದಾ" ಅಂದಳೇ ಹೊರತು ಕುಣಿದಾಡಲಿಲ್ಲ.

ಆರತಿಯ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಅಡುಗೆಮನೆಯಲ್ಲಿ ಕೂತು ಎಳ್ಳು ಹುರಿದಳು. ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ಬೆಲ್ಲ ಹಾಕಿ ಕುಟ್ಟುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಒನಕೆ ಕೆಳಗಿಟ್ಟಳು. ನನ್ನನ್ನು ಹತ್ತಿರ ಕರೆದು, ಕೈ ಹಿಡಿದು, ಕೇಳಿದಳು.

"ನಿಜವಾಗ್ಲೂ ಆಯ್ತೇನೆ ನಿಂಗೆ?"

ಅಮ್ಮ ಒಲೆಯ ಮುಂದೆ ನಿಂತಿದ್ದಳು. ತಿರುಗಿ ನೋಡಲಿಲ್ಲ. ಅಜ್ಜಿಯ ಕಣ್ಣು ನೋಡಿಕೊಂಡು ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. "ಇಲ್ಲ ಅಜ್ಜಿ," ಅಂದೆ.

"ಗೊತ್ತಿತ್ತು," ಅಂದಳು ಅಜ್ಜಿ. "ನಿನ್ನ ಕೈ ನೋಡಿದಾಗ್ಲೆಲ್ಲ ಅನ್ಕೋತಿದ್ದೆ. ನಮ್ಮಕ್ಕನ ಕೈಯೂ ಹೀಗೇ ಇತ್ತು."

ಅಜ್ಜಿಯ ಅಕ್ಕನನ್ನು ನಾವು ದೊಡ್ಡಜ್ಜಿ ಅನ್ನುತ್ತಿದ್ದೆವು. ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ನನ್ನ ನೆನಪಿನಲ್ಲಿ ಅವಳು ಒಂದು ಚಿತ್ರ ಮಾತ್ರ: ಕೋಟೆಯ ಹತ್ತಿರದ ಅಜ್ಜಿಯ ತವರುಮನೆಯ ಹಿತ್ತಿಲು, ಬೆಳಗಿನ ಬಿಸಿಲು, ತಲೆಗೆ ನೀರು ಹಾಕಿಕೊಂಡು ಬಂದು ಮಂಡಿಯವರೆಗಿನ ಕೂದಲನ್ನು ಸಾಂಬ್ರಾಣಿ ಹೊಗೆಯಲ್ಲಿ ಒಣಗಿಸಿಕೊಳ್ಳುತ್ತಾ ನಿಂತ ತುಂಬ ಎತ್ತರದ ಹೆಂಗಸು. ಅವಳಿಗೆ ಗಂಡನಿಲ್ಲ ಎಂದಷ್ಟೇ ಗೊತ್ತಿತ್ತು. ಯಾಕಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಅಜ್ಜಿ ಅವತ್ತು ಹೇಳಿದಳು. ಅವರಪ್ಪ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ದೊಡ್ಡ ಮಗಳಿಗೆ ಆ ಕಾಲದ ಪದ್ಧತಿಯಂತೆ ದೊಡ್ಡವಳಾಗುವ ಮುಂಚೆಯೇ ಮದುವೆ ಮಾಡಿದರು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಕಳಿಸಿಕೊಡುವುದು ಎಂದು ಮಾತಾಗಿತ್ತು. ದೊಡ್ಡಜ್ಜಿ ಕಾದಳು. ಹಬ್ಬಕ್ಕೆ ಹಬ್ಬಕ್ಕೆ ಗಂಡನ ಮನೆಯಿಂದ ಸೀರೆ ಬರುತ್ತಿತ್ತು. ಆಮೇಲೆ ನಿಂತಿತು. ಒಂದು ದಿನ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು ಎಂದು ಸುದ್ದಿ ಬಂತು.

"ಯಾವ ಪಾಪಾನೋ ಅಂದ್ರು, ಯಾರದ್ದೋ ಕಣ್ಣು ಅಂದ್ರು. ಹರಕೆ ಹೊತ್ತು ಹೊತ್ತು ಅವಳಿಗೆ ಉಪವಾಸ ಮಾಡ್ಸಿದ್ರು," ಅಂದಳು ಅಜ್ಜಿ. "ಅವಳು ಒಂದು ಮಾತಾಡ್ಲಿಲ್ಲ. ಸಾಯೋ ತನಕ ನಮ್ಮನೆ ಅಡುಗೆ ಮಾಡ್ಕೊಂಡೇ ಇದ್ಳು. ತನಗೇನಾಗಿತ್ತು ಅಂತಾನೇ ಅವಳಿಗೆ ಗೊತ್ತಾಗ್ಲಿಲ್ಲ ಕಣೆ. ಡಾಕ್ಟ್ರು ನಿಂಗೆ ಹೇಳಿದಾರಾ? ಏನು ಅಂದ್ರು? ನಂಗೂ ಹೇಳು."

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಕವಲೊಡೆಯುವ ದಾರಿ, ಕೇಳಿಸದ ಹಾರ್ಮೋನು, ಎಲ್ಲ. ಅಜ್ಜಿ ನಡುನಡುವೆ "ಹೂಂ" ಅನ್ನುತ್ತಾ ಕೇಳಿದಳು. ಕೊನೆಗೆ, "ಅಂದ್ರೆ ಅವಳು ಯಾವ ತಪ್ಪೂ ಮಾಡಿರ್ಲಿಲ್ಲ," ಅಂದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಈ ನಾಟಕ ಬೇಡ ಕಣಮ್ಮ. ಒಂದ್ಸಲ ಸುಳ್ಳು ಹೇಳಿದ್ರೆ ಮಗು ಜೀವನ ಪೂರ್ತಿ ಅದನ್ನ ಹೊತ್ಕೊಂಡು ತಿರುಗ್ಬೇಕು," ಅಂದಳು.

ಅಮ್ಮ ಒಲೆ ಆರಿಸಿದಳು. ಅಜ್ಜಿಯ ಪಕ್ಕದಲ್ಲಿ ಕುಸಿದು ಕೂತು ಅತ್ತಳು. ಕ್ಲಿನಿಕ್ಕಿನಿಂದ ಬಂದ ಮೇಲೆ ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ಅಜ್ಜಿ ಅವಳ ಬೆನ್ನು ಸವರುತ್ತಾ, ಇನ್ನೊಂದು ಕೈಯಲ್ಲಿ ಕುಟ್ಟಿದ ಎಳ್ಳನ್ನು ಉಂಡೆ ಕಟ್ಟಿ ನನ್ನ ಬಾಯಿಗಿಟ್ಟಳು. "ಇದು ತಿನ್ನೋಕೆ ಏನೂ ಆಗ್ಬೇಕಾಗಿಲ್ಲ," ಅಂದಳು.

ಮಧ್ಯಾಹ್ನ ಅಮ್ಮ ಕರೆದವರಿಗೆಲ್ಲ ಫೋನು ಮಾಡಿ ಬರುವುದು ಬೇಡ ಎಂದಳು. ಅಪ್ಪನ ತಂಗಿಗೆ ಮಾತ್ರ ಕಾರಣ ಹೇಳಿದಳು: "ಅವಳಿಗೆ ಮುಟ್ಟು ಬರಲ್ವಂತೆ ಕಣ್ರೀ. ಹುಟ್ಟಿದ್ದೇ ಹಾಗೆ. ಆರೋಗ್ಯವಾಗಿದಾಳೆ." ಅದಕ್ಕೆ ಅತ್ತೆ ಏನಂದರೋ, ಅಮ್ಮ "ಬೇಡ, ದೇವಸ್ಥಾನಕ್ಕೇನೂ ಹೋಗ್ಬೇಕಾಗಿಲ್ಲ," ಎಂದಳು. ನವಿಲು ಬಣ್ಣದ ಲಂಗವನ್ನು ನಾನು ಆ ಸಂಜೆ ಸುಮ್ಮನೆ ಉಟ್ಟುಕೊಂಡು ಮಹಡಿಯ ಮೇಲೆ ಓಡಾಡಿದೆ. ಗಾಳಿಗೆ ಅದು ತುಂಬಿಕೊಂಡು ಹಾರುತ್ತಿತ್ತು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ದೊಡ್ಡಜ್ಜಿಯ ಕಥೆ ಕೇಳಿ ಡಾಕ್ಟರು ತಲೆಯಾಡಿಸಿದರು. ಇದು ತಾಯಿಯ ಕಡೆಯಿಂದ ಬರುವಂಥದ್ದು, ಅಮ್ಮನಿಗೆ ಗೊತ್ತೇ ಆಗದ ಹಾಗೆ ಅಜ್ಜಿಯಿಂದ ಅವಳಿಗೆ, ಅವಳಿಂದ ನನಗೆ ಬಂದಿದೆ ಎಂದರು. ಅಮ್ಮನ ಮುಖ ಸಣ್ಣದಾಯಿತು. "ನಿಮ್ಮ ಮೂಗು ಅವಳಿಗೆ ಬಂದಿಲ್ವಾ? ಹಾಗೇ ಇದೂ," ಅಂದರು.

ಎರಡನೆಯ ಅಭಿಪ್ರಾಯಕ್ಕೆಂದು ಹೋದ ಸರ್ಜನ್ ಒಬ್ಬರು ಒಳಗಿನ ಗ್ರಂಥಿಗಳನ್ನು ಈಗಲೇ ತೆಗೆದುಬಿಡೋಣ, ಮುಂದೆ ಕ್ಯಾನ್ಸರಿನ ಗಂಟಾಗಬಹುದು ಎಂದರು. ಅಪ್ಪ ಹೆದರಿ ಒಪ್ಪಿಬಿಡುವವರಿದ್ದರು. ನಮ್ಮ ಡಾಕ್ಟರು ಬೇರೆ ಹೇಳಿದರು. ಗಂಟಾಗುವ ಅಪಾಯ ಇದೆ, ಆದರೆ ಈ ವಯಸ್ಸಿನಲ್ಲಿ ಕಡಿಮೆ. ನನ್ನ ದೇಹ ಆ ಗ್ರಂಥಿಗಳ ಹಾರ್ಮೋನನ್ನೇ ಹೆಣ್ಣು ಹಾರ್ಮೋನಾಗಿ ಬದಲಾಯಿಸಿಕೊಂಡು ಬೆಳೆಯುತ್ತಿದೆ. ತೆಗೆದರೆ ದಿನಾ ಮಾತ್ರೆ ನುಂಗಬೇಕು, ಮೂಳೆಯ ಬಗ್ಗೆ ಎಚ್ಚರ ಬೇಕು. ಹದಿನೆಂಟು ತುಂಬಿದ ಮೇಲೆ ಅವಳೇ ತೀರ್ಮಾನಿಸಲಿ, ಅಲ್ಲಿಯವರೆಗೆ ಆಗಾಗ ಪರೀಕ್ಷೆ ಮಾಡಿಸೋಣ ಎಂದರು. ನಾನು ಕಾಯುತ್ತೇನೆ ಅಂದೆ. ಇವತ್ತಿಗೂ ಅವು ನನ್ನೊಳಗೇ ಇವೆ. ವರ್ಷಕ್ಕೊಮ್ಮೆ ಸ್ಕ್ಯಾನಿಂಗಿಗೆ ಹೋಗಿ ಬರುತ್ತೇನೆ.

ಪ್ರಾಣಿಶಾಸ್ತ್ರ ಓದಿದೆ. ಈಗ ಅಮ್ಮನ ಮನೆಯಿಂದ ನಡೆದು ಹೋಗುವಷ್ಟು ದೂರದ ಟ್ಯುಟೋರಿಯಲ್ಲಿನಲ್ಲಿ ಬಯಾಲಜಿ ಪಾಠ ಹೇಳುತ್ತೇನೆ. ಮೊದಲ ವರ್ಷ ಬೋರ್ಡಿನ ಮೇಲೆ ಎಕ್ಸ್ ಎಕ್ಸ್ ಹೆಣ್ಣು, ಎಕ್ಸ್ ವೈ ಗಂಡು ಎಂದು ಬರೆಯುವಾಗ ಕೈ ಗಾಳಿಯಲ್ಲೇ ನಿಂತಿತು. ಹಿಂದೆ ಎಲ್ಲರೂ ಅದನ್ನೇ ಬರೆದುಕೊಳ್ಳುತ್ತಿದ್ದ ಸದ್ದು. ನಾನು "ಸಾಮಾನ್ಯವಾಗಿ" ಎಂಬ ಪದ ಸೇರಿಸಿದೆ. ಅದ್ಯಾಕೆ ಮಿಸ್ ಎಂದು ಯಾರೋ ಕೇಳಿದರು. ಅವತ್ತಿನ ಉಳಿದ ಕ್ಲಾಸು ಆ ಒಂದು ಪದದ ಮೇಲೆಯೇ ನಡೆಯಿತು. ನನ್ನ ಬಗ್ಗೆ ಹೇಳಲಿಲ್ಲ. ಹೇಳದಿದ್ದರೂ ಹಗುರಾಗಿ ಮನೆಗೆ ಬಂದೆ.

ಅಲ್ಲೇ ಫಿಸಿಕ್ಸ್ ಹೇಳುತ್ತಿದ್ದವರು ಒಂದು ದಿನ ಕಾಫಿ ಕುಡಿಯುತ್ತಾ, ನಮ್ಮ ಮದುವೆಯ ಬಗ್ಗೆ ಮನೆಯಲ್ಲಿ ಮಾತಾಡಲಾ ಎಂದು ಕೇಳಿದರು. ನಾನು ಲೋಟ ಕೆಳಗಿಟ್ಟು ಎಲ್ಲ ಹೇಳಿದೆ.

"ಮಕ್ಕಳು?" ಎಂದರು.

"ಹೆರೋಕಾಗಲ್ಲ. ಸಾಕೋಕಾಗುತ್ತೆ."

"ಸ್ವಲ್ಪ ಟೈಮ್ ಕೊಡ್ತೀರಾ?"

ಕೊಟ್ಟೆ. ವಾರಗಟ್ಟಲೆ ಅವರು ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಮುಗಿಯಿತು ಅಂದುಕೊಂಡೆ. ಆಮೇಲೆ ಒಂದು ಸಂಜೆ ಗೇಟಿನ ಹತ್ತಿರ ಕಾದು ನಿಂತು, "ನಮ್ಮಮ್ಮನಿಗೆ ಹೇಳ್ಬಹುದಾ? ನಿಮ್ಮನ್ನ ಕೇಳ್ದೆ ಹೇಳ್ಬಾರ್ದು ಅನ್ನಿಸ್ತು," ಎಂದರು. ಅವರ ಅಮ್ಮ ಒಪ್ಪುವುದಕ್ಕೆ ಇನ್ನೂ ಎಷ್ಟೋ ಕಾಲ ಹಿಡಿಯಿತು. ಒಪ್ಪಿದ ಮೇಲೂ ಕೆಲವು ದಿನ ನನ್ನನ್ನು ನೋಡುವ ರೀತಿಯಲ್ಲಿ ಒಂದು ಹುಡುಕಾಟವಿತ್ತು. ಈಗ ಅದಿಲ್ಲ. ಮದುವೆಯಾಗಿ ನಾವಿಬ್ಬರೂ ಕುವೆಂಪುನಗರದಲ್ಲಿ ಬಾಡಿಗೆಗೆ ಮಹಡಿ ಮನೆ ಹಿಡಿದಿದ್ದೇವೆ. ಅಜ್ಜಿಗೆ ಈಗ ನೆನಪು ಸರಿಯಾಗಿಲ್ಲ. ನಾನು ಹೋದರೆ ಒಮ್ಮೊಮ್ಮೆ ಅಕ್ಕಾ ಎಂದು ಕರೆಯುತ್ತಾಳೆ. ನಾನು ತಿದ್ದುವುದಿಲ್ಲ.

ಈಚೆಗೆ ಡಾಕ್ಟರು ಫೋನು ಮಾಡಿದ್ದರು. ಒಬ್ಬ ತಾಯಿ ಮಗಳು ಬಂದಿದ್ದಾರೆ, ಹುಡುಗಿಗೂ ನಿನ್ನ ಥರವೇ, ಅವರೂ ಒಪ್ಪಿದ್ದಾರೆ, ನೀನು ಒಂದು ಸಲ ಮಾತಾಡುತ್ತೀಯಾ ಎಂದು ಕೇಳಿದರು. ಭಾನುವಾರ ಸರಸ್ವತಿಪುರಂನ ಒಂದು ಹೋಟೆಲಿನಲ್ಲಿ ಸೇರಿದೆವು. ಆ ತಾಯಿ ಕಾಫಿಯನ್ನು ಮುಟ್ಟದೆ ನನ್ನನ್ನೇ ನೋಡುತ್ತಾ, ಕೆಲಸ ಏನು, ಮನೆ ಎಲ್ಲಿ, ಯಜಮಾನರು ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದೆಲ್ಲ ಕೇಳಿದರು. ಹುಡುಗಿ ದೋಸೆಯ ಅಂಚನ್ನು ಮುರಿಯುತ್ತಾ ತಲೆ ತಗ್ಗಿಸಿ ಕೂತಿದ್ದಳು. ತಾಯಿ ಕೈ ತೊಳೆಯಲು ಎದ್ದುಹೋದಾಗ ಮೊದಲ ಸಲ ಬಾಯಿ ಬಿಟ್ಟಳು.

"ಅಕ್ಕಾ, ನನ್ನ ಫ್ರೆಂಡ್ಸೆಲ್ಲ ಪೀರಿಯಡ್ಸ್ ಡೇಟು ಅಂತ ಹೇಳಿ ಪಿ.ಟಿ. ಕ್ಲಾಸು ತಪ್ಪಿಸ್ಕೋತಾರೆ. ನಾನೊಬ್ಳೇ ಪ್ರತಿ ಸಲ ಬಿಸಿಲಲ್ಲಿ ಓಡ್ಬೇಕು."

"ನಾನು ಹೊಟ್ಟೆನೋವು ಅಂತ ಹೇಳ್ತಿದ್ದೆ," ಅಂದೆ.

"ನಂಬ್ತಿದ್ರಾ?"

"ನಮ್ಮ ಪಿ.ಟಿ. ಮೇಷ್ಟ್ರು ಮುಂದಿನ ಪ್ರಶ್ನೆ ಕೇಳೋಕೆ ನಾಚ್ಕೋತಿದ್ರು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ನಿಲ್ಲಿಸಲು ಹೋಗಿ ಇನ್ನೂ ಜೋರಾಯಿತು. ಕೈ ಒರೆಸಿಕೊಳ್ಳುತ್ತಾ ಬಂದ ಅವಳ ಅಮ್ಮ ಏನಾಯಿತು ಎಂದು ನಮ್ಮಿಬ್ಬರ ಮುಖವನ್ನೂ ನೋಡಿದರು. ಏನಿಲ್ಲಮ್ಮ ಎಂದು ಹುಡುಗಿ ನೀರು ಕುಡಿದಳು. ಆಮೇಲೆ ನನ್ನ ಕಡೆ ತಿರುಗಿ, ಇನ್ನೂ ಬಹಳ ಕೇಳುವುದಿದೆ, ಮುಂದಿನ ಭಾನುವಾರ ಬರುತ್ತೀರಾ ಎಂದಳು.